ಎಂಟು ಶೇಕರ್‌ಗಳಿಂದ ನಾಲ್ಕಕ್ಕೆ: ಒಂದು ಸಿಮ್ ರೇಸಿಂಗ್ ರಿಗ್‌ನ ಪ್ರಕರಣ ಅಧ್ಯಯನ

ಬ್ರೇಕ್ ಒತ್ತಿದಾಗ ಮುಂದಿನ ಚಕ್ರ ಲಾಕ್ ಆಗುತ್ತದೆ, ಅಂದರೆ ತಿರುಗುವುದನ್ನು ನಿಲ್ಲಿಸಿ ಹಾಗೇ ಜಾರುತ್ತದೆ. ಹೊಗೆ ಏಳುತ್ತದೆ. ಟೈರ್ ಒಂದೇ ಕಡೆ ಸವೆದು ಚಪ್ಪಟೆಯಾಗುತ್ತದೆ. ರೇಸ್ ಮುಗಿದ ಮೇಲೆ ರೀಪ್ಲೇ ಹಾಕಿದರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಓಡಿಸುವಾಗ ಮಾತ್ರ ಒಂದೂ ಗೊತ್ತಾಗಿರುವುದಿಲ್ಲ. ಈ ಪ್ರಕರಣ ಶುರುವಾಗಿದ್ದು ಈ ಒಂದು ದೂರಿನಿಂದ.

ಹಿನ್ನೆಲೆ

ದೂರು ಹೇಳಿದವರು ಹಗಲು ಕೆಲಸ ಮಾಡಿ ಸಂಜೆ ಸಿಮ್ ಓಡಿಸುವ ಹವ್ಯಾಸಿ. ಸಿಮ್ ಅಂದರೆ ನಿಜವಾದ ಕಾರಿನ ಹಾಗೇ ಓಡಿಸುವ ಕಂಪ್ಯೂಟರ್ ರೇಸ್ ಆಟ. ಅದಕ್ಕಾಗಿ ಸೀಟು, ಸ್ಟಿಯರಿಂಗ್, ಪೆಡಲ್‌ಗಳನ್ನು ಬಿಗಿದ ಚೌಕಟ್ಟೇ ರಿಗ್. ವಾರಕ್ಕೆ ಎರಡು ಲೀಗ್ ರೇಸ್ ತಪ್ಪಿಸುವುದಿಲ್ಲ. ಗುರುತು ಬೇಡ ಎಂದಿದ್ದಾರೆ. ಹಾಗಾಗಿ ಇಲ್ಲಿ ಅವರನ್ನು ಚಾಲಕರು ಎಂದೇ ಕರೆಯುತ್ತೇನೆ. ರಿಗ್ ಕಟ್ಟುವಾಗ, ಬಿಚ್ಚುವಾಗ, ಮತ್ತೆ ಕಟ್ಟುವಾಗ ನಾನು ಜೊತೆಗಿದ್ದೆ. ಇಲ್ಲಿ ಬರುವ ನಿರ್ಧಾರಗಳಲ್ಲಿ ಅರ್ಧ ನನ್ನವು, ತಪ್ಪಾದವೂ ಸೇರಿ.

ಅವರ ಸಲಕರಣೆ ಚೆನ್ನಾಗಿಯೇ ಇತ್ತು. ದಪ್ಪ ಅಲ್ಯೂಮಿನಿಯಂ ಪ್ರೊಫೈಲ್‌ನ ಫ್ರೇಮ್. ಮೋಟಾರಿಗೆ ನೇರವಾಗಿ ಜೋಡಿಸಿದ ಡೈರೆಕ್ಟ್ ಡ್ರೈವ್ ಸ್ಟಿಯರಿಂಗ್. ಒತ್ತಡವನ್ನು ಅಳೆಯುವ ಲೋಡ್ ಸೆಲ್ ಬ್ರೇಕ್. ಫೈಬರ್‌ಗ್ಲಾಸ್ ಬಕೆಟ್ ಸೀಟು. ಮೂರು ಮಾನಿಟರ್, ಒಂದು ಬ್ಲೂಟೂತ್ ಹೆಡ್‌ಫೋನ್. ಆಟ 2014ರಲ್ಲಿ ಬಂದ ಅಸೆಟ್ಟೊ ಕೊರ್ಸಾ. ಲೀಗ್‌ನಲ್ಲಿ ಬಳಸುತ್ತಿದ್ದ ಕಾರುಗಳಿಗೆ ಎಬಿಎಸ್ ಇರಲಿಲ್ಲ. ಅಂದರೆ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಹೊಣೆ ಪೂರ್ತಿ ಕಾಲಿನದೇ.

ರಿಗ್ ಇದ್ದದ್ದು ಮನೆಯ ಮೇಲಿನ ಮಹಡಿಯಲ್ಲಿ. ಕೆಳಗೆ ಮನೆಯವರು ಮಲಗುವ ಕೋಣೆ. ಈ ಸಂಗತಿಯನ್ನು ಮೊದಲೇ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು. ತೆಗೆದುಕೊಳ್ಳಲಿಲ್ಲ.

ನಿಜವಾದ ಕಾರಿನಲ್ಲಿ ಚಕ್ರ ಜಾರಿದರೆ ಸುದ್ದಿ ಹಲವು ದಾರಿಯಿಂದ ಬರುತ್ತದೆ. ಸೀಟು ಹೇಳುತ್ತದೆ, ನೆಲ ಹೇಳುತ್ತದೆ, ಪೆಡಲ್ ಹೇಳುತ್ತದೆ, ಕುತ್ತಿಗೆಯ ಮೇಲೆ ಬೀಳುವ ಎಳೆತ ಕೂಡ ಹೇಳುತ್ತದೆ. ಸಿಮ್‌ನಲ್ಲಿ ಸ್ಟಿಯರಿಂಗ್ ಒಂದೇ ಮಾತಾಡುತ್ತದೆ. ಮುಂದಿನ ಚಕ್ರ ಲಾಕ್ ಆದಾಗ ಸ್ಟಿಯರಿಂಗ್ ಸ್ವಲ್ಪ ಹಗುರಾಗುತ್ತದೆ, ನಿಜ. ಆದರೆ ನೇರವಾಗಿ ಬ್ರೇಕ್ ಹಾಕುವಾಗ ಆ ವ್ಯತ್ಯಾಸ ಕೈಗೆ ಸಿಗುವುದು ಕಷ್ಟ. ಉಳಿದ ಕೆಲಸವನ್ನು ಕಣ್ಣು, ಕಿವಿ ಮಾಡಬೇಕು. ಕಣ್ಣು ಮುಂದಿನ ತಿರುವಿನ ಮೇಲಿರುತ್ತದೆ. ಕಿವಿಯಲ್ಲಿ ಇಂಜಿನ್ ಕೂಗುತ್ತಿರುತ್ತದೆ.

ಹಾಗಾಗಿ ಮೈಗೆ ಸುದ್ದಿ ತಲುಪಿಸುವ ಶೇಕರ್ ಹಾಕಬೇಕು ಎಂದು ತೀರ್ಮಾನವಾಯಿತು. ಶೇಕರ್ ಅಂದರೆ ಕೋನ್ ಇಲ್ಲದ ಸ್ಪೀಕರ್ ಇದ್ದ ಹಾಗೆ. ಗಾಳಿಯನ್ನು ತಳ್ಳುವ ಬದಲು ಒಳಗಿನ ತೂಕವೊಂದನ್ನು ಅಲ್ಲಾಡಿಸಿ, ತಾನು ಕೂತ ಜಾಗವನ್ನೇ ಅದುರಿಸುತ್ತದೆ. ಅದಕ್ಕೂ ಆಂಪ್ಲಿಫೈಯರ್ ಬೇಕು, ಅದಕ್ಕೂ ಸೌಂಡ್ ಕಾರ್ಡ್ ಬೇಕು.

ಮೊದಲ ಯತ್ನ: ಆಟದ ಸದ್ದನ್ನೇ ಸೀಟಿಗೆ ಕೊಟ್ಟದ್ದು

ಸುಲಭದ ದಾರಿ ಹಿಡಿದೆವು. ದೊಡ್ಡ ಶೇಕರ್ ಒಂದನ್ನು ಸೀಟಿನ ಕೆಳಗೆ ಬಿಗಿದೆವು. ಆಟದ ಸದ್ದನ್ನು ಎರಡಾಗಿ ಒಡೆದು, ಒಂದು ಕವಲನ್ನು ಹೆಡ್‌ಫೋನ್‌ಗೆ ಕೊಟ್ಟೆವು. ಇನ್ನೊಂದರಲ್ಲಿ 80 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 80 ಕಂಪನಕ್ಕಿಂತ, ಮೇಲಿನದನ್ನೆಲ್ಲ ಸೋಸಿ ತೆಗೆದು ಶೇಕರ್‌ಗೆ ಕೊಟ್ಟೆವು.

ಎರಡು ದಿನ ಖುಷಿಯಾಗಿತ್ತು. ಇಂಜಿನ್ ಸ್ಟಾರ್ಟ್ ಆದರೆ ಬೆನ್ನು ಝುಮ್ ಅನ್ನುತ್ತಿತ್ತು. ಮೂರನೆಯ ದಿನ ತೊಂದರೆ ಕಂಡಿತು. ಮೆನುವಿನ ಸಂಗೀತಕ್ಕೂ ಸೀಟು ಅದುರುತ್ತಿತ್ತು. ಪಕ್ಕದಲ್ಲಿ ಬೇರೆ ಕಾರು ಹೋದರೂ ಅದುರುತ್ತಿತ್ತು. ಚಕ್ರ ಲಾಕ್ ಆದಾಗ ಮಾತ್ರ ಏನೂ ಇಲ್ಲ.

ಕಾರಣ ಯೋಚಿಸಿದರೆ ಸರಳ. ಟೈರ್ ಕಿರುಚುವ ಸದ್ದು ತೆಳು, ಎತ್ತರದ್ದು. ನೂರಾರು ಹರ್ಟ್ಸ್‌ನಿಂದ ಸಾವಿರ, ಅದಕ್ಕೂ ಮೇಲೆ ಹೋಗುತ್ತದೆ. ನಾವು 80ರ ಮೇಲಿನದನ್ನೆಲ್ಲ ಕತ್ತರಿಸಿದ್ದೆವು. ಅಂದರೆ ನಮಗೆ ಬೇಕಾಗಿದ್ದ ಸುದ್ದಿಯನ್ನೇ ಬಿಸಾಡಿ, ಬೇಡದ್ದನ್ನು ಮೈಗೆ ಕಳಿಸುತ್ತಿದ್ದೆವು. ಸದ್ದಿನಿಂದ ಕಂಪನ ಮಾಡುವ ಈ ವಿಧಾನ ಸಿನಿಮಾಗೆ ಚೆನ್ನಾಗಿರುತ್ತದೆ. ಅಲ್ಲಿ ಸ್ಫೋಟವಾದರೆ ಅದುರಿದರೆ ಸಾಕು. ಚಾಲಕರಿಗೆ ಬೇಕಿದ್ದು ಯಾವ ಚಕ್ರ, ಯಾವಾಗ, ಎಷ್ಟು ಎನ್ನುವ ಉತ್ತರ. ಸ್ಟೀರಿಯೋ ಸದ್ದಿನಲ್ಲಿ ಆ ಉತ್ತರ ಇರುವುದಿಲ್ಲ.

ಎರಡನೆಯ ಯತ್ನ: ಎಲ್ಲವನ್ನೂ ಹಾಕಿದ್ದು

ಮುಂದಿನ ಹೆಜ್ಜೆ ಟೆಲಿಮೆಟ್ರಿ, ಅಂದರೆ ಕಾರಿನ ಸ್ಥಿತಿಯ ಬಗ್ಗೆ ಆಟ ಹೊರಗೆ ಕೊಡುವ ಅಂಕಿಗಳು. ಅಸೆಟ್ಟೊ ಕೊರ್ಸಾ ತನ್ನ ಲೆಕ್ಕಗಳನ್ನು ಹೊರಗಿನ ತಂತ್ರಾಂಶಗಳಿಗೆ ಓದಲು ಬಿಡುತ್ತದೆ. ನಾಲ್ಕೂ ಚಕ್ರಗಳ ಜಾರಿಕೆ, ತಿರುಗುವ ವೇಗ, ಸಸ್ಪೆನ್ಷನ್ ಎಷ್ಟು ಕುಸಿದಿದೆ ಎಲ್ಲವೂ ಬೇರೆ ಬೇರೆಯಾಗಿ ಸಿಗುತ್ತದೆ. ಸಿಮ್‌ಹಬ್ ಎನ್ನುವ ತಂತ್ರಾಂಶ ಅದನ್ನು ಓದಿ, ಪ್ರತಿಯೊಂದಕ್ಕೂ ಒಂದು ಕಂಪನ ಹುಟ್ಟಿಸಿ, ಸೌಂಡ್ ಕಾರ್ಡಿನ ಯಾವ ಚಾನೆಲ್‌ಗೆ ಬೇಕೋ ಅಲ್ಲಿಗೆ ಕಳಿಸುತ್ತದೆ. ಒಂದು ಎಚ್ಚರಿಕೆ ಇಲ್ಲೇ ಹೇಳುತ್ತೇನೆ. ಎಲ್ಲ ಆಟಗಳೂ ನಾಲ್ಕು ಚಕ್ರದ ಲೆಕ್ಕವನ್ನು ಹೀಗೆ ಬಿಡಿಬಿಡಿಯಾಗಿ ಹೊರಗೆ ಕೊಡುವುದಿಲ್ಲ. ಏನನ್ನೂ ಕೊಳ್ಳುವ ಮೊದಲು ನಿಮ್ಮ ಆಟ ಏನು ಕೊಡುತ್ತದೆ ಎಂದು ನೋಡಿಕೊಳ್ಳಿ.

ಶೇಕರ್‌ಗಳು ಎಂಟಾದವು. ಪೆಡಲ್ ತಟ್ಟೆಯ ಎಡಕ್ಕೊಂದು, ಬಲಕ್ಕೊಂದು. ಸೀಟಿನ ಎಡ ಪಕ್ಕಕ್ಕೊಂದು, ಬಲ ಪಕ್ಕಕ್ಕೊಂದು. ಸೀಟಿನ ಕೆಳಗೆ ಹಳೆಯ ದೊಡ್ಡದು. ಬೆನ್ನಿನ ಹಿಂದೆ ಒಂದು. ಸ್ಟಿಯರಿಂಗ್ ಕೆಳಗೆ ಎರಡು. ಎಂಟು ಚಾನೆಲ್‌ನ ಯುಎಸ್‌ಬಿ ಸೌಂಡ್ ಕಾರ್ಡ್ ಒಂದು. ಎರಡು ಚಾನೆಲ್‌ನ ಪುಟ್ಟ ಆಂಪ್‌ಗಳು ಮೂರು. ಸಿಮ್‌ಹಬ್‌ನಲ್ಲಿ ಸಿಕ್ಕ ಪರಿಣಾಮಗಳನ್ನೆಲ್ಲ ಆನ್ ಮಾಡಿದೆವು. ಇಂಜಿನ್, ಗೇರ್, ರಸ್ತೆ, ಕರ್ಬ್ (ಟ್ರ್ಯಾಕಿನ ಅಂಚಿನ ಉಬ್ಬುಪಟ್ಟಿ), ಲಾಕ್, ಜಾರಿಕೆ, ಡಿಕ್ಕಿ, ಎಲ್ಲವೂ.

ಕೂತರೆ ರೈಲು ಡಬ್ಬಿಯಲ್ಲಿ ಕೂತ ಹಾಗಿತ್ತು. ಅರ್ಧ ಗಂಟೆ ಓಡಿಸಿದ ಮೇಲೆ ಚಾಲಕರ ಅಂಗೈ ಜೋಮು ಹಿಡಿಯಿತು. ಫ್ರೇಮಿಗೇ ಬಿಗಿದಿದ್ದ ಮಾನಿಟರ್‌ಗಳು ಅದುರಿ ಅಕ್ಷರ ಮಸುಕಾಯಿತು. ವಾರದೊಳಗೆ ಮೂರು ಬೋಲ್ಟ್ ಸಡಿಲವಾದವು.

ಒಂದು ರೇಸಿನ ನಡುವೆ ಆಂಪ್ ಒಂದು ತಾನಾಗಿಯೇ ಆಫ್ ಆಯಿತು. ಇದು ನಾನು ಮಾಡಿದ ತಪ್ಪು. ಆರು ಚಾನೆಲ್‌ಗೆ ಎಂಟು ಶೇಕರ್ ಆಗಿದ್ದರಿಂದ ಎರಡು ಕಡೆ ಜೋಡಿಗಳನ್ನು ಪ್ಯಾರಲಲ್ ಆಗಿ ಸೇರಿಸಿದ್ದೆ. ಓಮ್ ಅಂದರೆ ವಿದ್ಯುತ್ ತಡೆಯ ಅಳತೆ. 4 ಓಮ್‌ನ ಎರಡು ಶೇಕರ್‌ಗಳು ಪ್ಯಾರಲಲ್ ಆದರೆ ಆಂಪ್‌ಗೆ ಕಾಣುವುದು 2 ಓಮ್. ಆ ಆಂಪ್ ತಾಳಿಕೊಳ್ಳುವುದು ಅದು 4ಕ್ಕಿಂತ ಕೆಳಗೆ ಇಳಿಯದಿದ್ದರೆ ಮಾತ್ರ. ಕರೆಂಟ್ ಜಾಸ್ತಿ ಎಳೆದು, ಬಿಸಿಯಾಗಿ, ತನ್ನನ್ನು ತಾನು ಕಾಪಾಡಿಕೊಂಡಿತು. ಸೀರೀಸ್ ಆಗಿ ಸೇರಿಸಿದರೆ 8 ಓಮ್ ಆಗುತ್ತದೆ. ಬಲ ಕಡಿಮೆ ಬರುತ್ತದೆ, ಆದರೆ ಆಂಪ್ ಸುಡುವುದಿಲ್ಲ.

ಇನ್ನೊಂದು ಕಾಟ, ಆಟ ನಿಂತಿದ್ದಾಗಲೂ ಕಾಲಡಿ ಸಣ್ಣಗೆ ಗುಂಯ್ ಅನ್ನುವುದು. ಕಂಪ್ಯೂಟರ್ ಒಂದು ಪ್ಲಗ್‌ನಲ್ಲಿ, ಆಂಪ್‌ಗಳು ಇನ್ನೊಂದರಲ್ಲಿ ಇದ್ದವು. ಎರಡರ ಅರ್ಥಿಂಗ್ ನಡುವೆ ಸುತ್ತು ಬಿದ್ದು, ಕರೆಂಟಿನ ಗುಂಯ್‌ಗುಡುವಿಕೆ ಆಡಿಯೋ ತಂತಿಯೊಳಗೆ ನುಗ್ಗುತ್ತಿತ್ತು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದು, ಉದ್ದದ ತಂತಿ ತೆಗೆದು ಗಿಡ್ಡ ತಂತಿ ಹಾಕಿದ ಮೇಲೆ ನಿಂತಿತು. ಅದಕ್ಕೂ ಮೊದಲು ತಂತಿಯ ನಡುವೆ ಹಾಕುವ ಸಣ್ಣ ಟ್ರಾನ್ಸ್‌ಫಾರ್ಮರ್ ಡಬ್ಬಿ ಹಾಕಿ ನೋಡಿದ್ದೆವು. ಗುಂಯ್ ಹೋಯಿತು, ಆದರೆ ಜೊತೆಗೆ 30 ಹರ್ಟ್ಸ್ ಆಸುಪಾಸಿನ ಆಳದ ಕಂಪನವೂ ಸೊರಗಿತು. ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿಗೆ ಅಷ್ಟು ಕೆಳಗಿನದನ್ನು ಸರಿಯಾಗಿ ದಾಟಿಸಲು ಆಗುವುದಿಲ್ಲ. ಸಂಗೀತ ಕೇಳುವವರಿಗೆ ಇದು ಗೊತ್ತಾಗದೆ ಹೋಗಬಹುದು. ಶೇಕರ್‌ಗೆ ಬೇಕಾಗಿರುವುದೇ ಅದು.

ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಚಾಲಕರ ತಾಯಿ ಮೇಲೆ ಬಂದು ಬಾಗಿಲು ತಟ್ಟಿದರು. "ಗೋಡೆ ಎಲ್ಲ ಗುಂಯ್ ಅಂತಿದೆ ಕಣೋ, ಏನದು?" ಎಂದರು. ಚಾಲಕರು ಆ ರಾತ್ರಿ ಎಲ್ಲವನ್ನೂ ಆಫ್ ಮಾಡಿದರು. ಮರುದಿನ ನನಗೆ ಹೇಳಿದ್ದು ಇಷ್ಟೇ: "ಇಷ್ಟೆಲ್ಲ ಮಾಡಿದ್ದೀವಿ. ನಿನ್ನೆ ರೇಸಿನಲ್ಲಿ ನಾಲ್ಕು ಸಲ ಲಾಕ್ ಆಗಿದೆ. ಒಂದೂ ಗೊತ್ತಾಗಲಿಲ್ಲ."

ತಿರುವು: ಕಣ್ಣು ಮುಚ್ಚಿ ಕೂತ ಸಂಜೆ

ಇಡೀ ಕೆಲಸದಲ್ಲಿ ನಾವು ಮಾಡಿದ ಅತಿ ಒಳ್ಳೆಯ ಕೆಲಸಕ್ಕೆ ಏನೂ ಖರ್ಚಾಗಲಿಲ್ಲ. ಆಟ ಆಫ್ ಮಾಡಿದೆವು. ಚಾಲಕರು ಸೀಟಿನಲ್ಲಿ ಕೂತು, ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದರು. ನಾನು ಕಂಪ್ಯೂಟರಿನಿಂದ ಒಂದು ಸಲಕ್ಕೆ ಒಂದೇ ಚಾನೆಲ್‌ಗೆ ಸಣ್ಣ ಕಂಪನ ಕಳಿಸಿದೆ. ಕಾಲಿನ ಎಡ, ಕಾಲಿನ ಬಲ, ಸೀಟಿನ ಎಡ, ಸೀಟಿನ ಬಲ, ಈ ನಾಲ್ಕರಲ್ಲಿ ಯಾವುದು ಎಂದು ಅವರು ಹೇಳಬೇಕು. 20 ಸಲ ಕೇಳಿದೆ. 6 ಸಲ ಸರಿ ಹೇಳಿದರು.

ನಾಲ್ಕರಲ್ಲಿ ಒಂದನ್ನು ಸುಮ್ನೆ ಊಹಿಸಿದರೂ 5 ಸರಿಯಾಗುತ್ತಿತ್ತು. ಅಂದರೆ ಆಟದ ಗದ್ದಲ ಇಲ್ಲದೆ, ಗಮನ ಕೊಟ್ಟು ಕೂತಾಗಲೂ ಅವರ ಮೈಗೆ ಯಾವ ಮೂಲೆ ಎನ್ನುವುದು ತಲುಪುತ್ತಿರಲಿಲ್ಲ. ಇನ್ನು ರೇಸಿನಲ್ಲಿ ತಲುಪುವುದು ಎಲ್ಲಿಂದ ಬಂತು?

ಅಲ್ಲಿಯ ತನಕ ನಾವು ಕೇಳಿಕೊಳ್ಳುತ್ತಿದ್ದ ಪ್ರಶ್ನೆ "ಇನ್ನೂ ಎಷ್ಟು ಬಲ ಬೇಕು?" ಎಂಬುದಾಗಿತ್ತು. ಆ ಸಂಜೆಯಿಂದ ಅದು "ಈ ಸುದ್ದಿ ದಾರಿಯಲ್ಲಿ ಎಲ್ಲಿ ಕಳೆದುಹೋಗುತ್ತಿದೆ?" ಎಂದಾಯಿತು. ಹುಡುಕಿದಾಗ ಮೂರು ಕಡೆ ಸಿಕ್ಕಿತು.

ಮೊದಲನೆಯದು ಸೌಂಡ್ ಕಾರ್ಡ್. ಆಂಪ್‌ಗಳ ತಂತಿ ಕಿತ್ತು, ಒಂದೊಂದೇ ಚಾನೆಲ್‌ಗೆ ಹೆಡ್‌ಫೋನ್ ಹಚ್ಚಿ ಕೇಳಿದೆ. ಮುಂದಿನ ಎಡಕ್ಕೆ ಮಾತ್ರ ಕಳಿಸಿದ ಸದ್ದು ಹಿಂದಿನ ಎಡದಲ್ಲೂ ಮೆಲ್ಲಗೆ ಕೇಳಿಸುತ್ತಿತ್ತು. ಕಾರ್ಡಿನ ಜೊತೆ ಬಂದ ತಂತ್ರಾಂಶ ಸಿನಿಮಾದ ಸದ್ದು ಕೋಣೆ ತುಂಬಲಿ ಎಂದು ಚಾನೆಲ್‌ಗಳನ್ನು ಕಲಸುತ್ತಿತ್ತು. ಆ ಸರೌಂಡ್, ಬಾಸ್ ಸೆಟಿಂಗ್‌ಗಳನ್ನೆಲ್ಲ ಆಫ್ ಮಾಡಿದೆ. ಐದು ನಿಮಿಷದ ಕೆಲಸ. ಅದು ಗೊತ್ತಾಗದೆ ಎರಡು ತಿಂಗಳು ಕಳೆದಿತ್ತು.

ಎರಡನೆಯದು ಫ್ರೇಮ್. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎನ್ನುವ ಉಚಿತ ಆ್ಯಪ್ ಇದೆ. ಫೋನಿನೊಳಗಿನ ಸೆನ್ಸರ್‌ನಿಂದಲೇ ಕಂಪನವನ್ನು ಅಳೆದು, ಯಾವ ಹರ್ಟ್ಸ್‌ನಲ್ಲಿ ಎಷ್ಟು ಎಂದು ತೋರಿಸುತ್ತದೆ. (ಫೋನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ನೋಡಿಕೊಳ್ಳಿ. 100 ಹರ್ಟ್ಸ್ ಕಾಣಬೇಕಾದರೆ 200 ಸಲಕ್ಕಿಂತ ಹೆಚ್ಚು ಅಳೆಯಬೇಕು.) ಫೋನನ್ನು ಸೀಟಿನ ಬಲಗಡೆ ಅಂಟಿಸಿ, ಕಾಲಿನ ಎಡ ಶೇಕರ್‌ಗೆ 20ರಿಂದ 100 ಹರ್ಟ್ಸ್ ತನಕ ಮೆಲ್ಲಗೆ ಏರಿಸುತ್ತ ಹೋದೆವು. 41 ಹರ್ಟ್ಸ್‌ಗೆ ಬಂದಾಗ ಸೀಟು ಪೆಡಲ್ ತಟ್ಟೆಯಷ್ಟೇ ಅದುರುತ್ತಿತ್ತು. ಎಲ್ಲವನ್ನೂ ಗಟ್ಟಿಯಾಗಿ ಬಿಗಿದ ಅಲ್ಯೂಮಿನಿಯಂ ಫ್ರೇಮ್ ಗಂಟೆಯ ಹಾಗೆ. ಎಲ್ಲಿ ತಟ್ಟಿದರೂ ಇಡೀ ಗಂಟೆ ನುಡಿಯುತ್ತದೆ. ಕೆಳಗಿನ ಕೋಣೆಯ ಗೋಡೆಗೂ ಅದೇ ಹೋಗುತ್ತಿತ್ತು. ನಮ್ಮ ಪರಿಣಾಮಗಳಲ್ಲಿ ಅರ್ಧದಷ್ಟು 40ರ ಆಸುಪಾಸಿನಲ್ಲೇ ಇದ್ದವು.

ಮೂರನೆಯದು ಚರ್ಮ. ಒಂದೇ ಕಂಪನ ತುಂಬ ಹೊತ್ತು ತಾಗುತ್ತಿದ್ದರೆ ಚರ್ಮದ ನರಗಳು ಮಂಕಾಗುತ್ತವೆ. ಆ ಕಂಪನಕ್ಕೆ ಮಾತ್ರವಲ್ಲ, ಅದರ ಹತ್ತಿರದ ಉಳಿದ ಸಣ್ಣ ಕಂಪನಗಳಿಗೂ. ಇಂಜಿನ್ ಪರಿಣಾಮ ರೇಸಿನ ಉದ್ದಕ್ಕೂ, ಎಲ್ಲ ಶೇಕರ್‌ನಲ್ಲೂ ಓಡುತ್ತಿತ್ತು. ಲಾಕ್ ಆದಾಗ ಬರುವ ಅರ್ಧ ಸೆಕೆಂಡಿನ ಸುದ್ದಿಯನ್ನು ಅದು ಹೂತುಹಾಕುತ್ತಿತ್ತು. ಎಷ್ಟು ಬಲ ಏರಿಸಿದರೂ ಇಂಜಿನ್ನೂ ಜೊತೆಗೆ ಏರುತ್ತದೆ, ಅಲ್ವಾ? ಅದಕ್ಕೇ ಏರಿಸುವುದರಿಂದ ಏನೂ ಆಗುತ್ತಿರಲಿಲ್ಲ.

ಬಿಚ್ಚಿ ಮತ್ತೆ ಕಟ್ಟಿದ್ದು

ಪೆಡಲ್ ತಟ್ಟೆಯನ್ನು ರಬ್ಬರ್ ಮೇಲೆ ಕೂರಿಸಿ ಫ್ರೇಮಿನಿಂದ ಬೇರೆ ಮಾಡೋಣ ಎಂದುಕೊಂಡೆವು. ಮಾಡಿಯೂ ನೋಡಿದೆವು. ಬ್ರೇಕ್ ಒತ್ತಿದರೆ ಇಡೀ ತಟ್ಟೆ ಮುಂದಕ್ಕೆ ಜಗ್ಗಿತು. ಲೋಡ್ ಸೆಲ್ ಬ್ರೇಕಿನ ಮೇಲೆ 50-60 ಕಿಲೋ ಬಲ ಬೀಳುತ್ತದೆ. ಅದು ಕದಲದೆ ನಿಂತರಷ್ಟೇ ಕಾಲಿಗೆ ಒತ್ತಡದ ನೆನಪು ಉಳಿಯುತ್ತದೆ. ಇಲ್ಲಿ ಎರಡು ಬೇಡಿಕೆಗಳು ಒಂದಕ್ಕೊಂದು ವಿರುದ್ಧ. ಕಂಪನಕ್ಕೆ ಮೆತ್ತನೆಯ ಆಸರೆ ಬೇಕು, ಬ್ರೇಕಿಗೆ ಕಲ್ಲಿನಂಥ ಆಸರೆ ಬೇಕು.

ಈ ಗಂಟು ಬಿಡಿಸಿದ್ದು ಚಾಲಕರೇ. "ಹಿಮ್ಮಡಿ ಬ್ರೇಕ್ ಒತ್ತುವುದಿಲ್ಲವಲ್ಲ, ಅದು ಸುಮ್ನೆ ಊರಿಕೊಂಡಿರುತ್ತೆ" ಎಂದರು. ಎಷ್ಟು ಸರಿಯಾದ ಮಾತು! ಪೆಡಲ್‌ಗಳನ್ನು ಮೊದಲಿನ ಹಾಗೆ ಫ್ರೇಮಿಗೆ ಬಿಗಿದೆವು. ಹಿಮ್ಮಡಿ ಊರುವ ಹಲಗೆಯನ್ನು ಎರಡು ತುಂಡು ಮಾಡಿ, ನಡುವೆ ಬೆರಳಗಲ ಸಂದು ಬಿಟ್ಟು, ಎರಡನ್ನೂ ಮೆತ್ತನೆಯ ರಬ್ಬರ್ ಗುಂಡಿಗಳ ಮೇಲೆ ಕೂರಿಸಿದೆವು. ಒಂದೊಂದರ ಅಡಿಯಲ್ಲಿ ಒಂದು ಸಣ್ಣ ಶೇಕರ್. ಚಾಲಕರು ಎಡಗಾಲಿನಲ್ಲಿ ಬ್ರೇಕ್ ಹಾಕುವವರು. ಎಡ ಹಿಮ್ಮಡಿ ಮುಂದಿನ ಎಡ ಚಕ್ರ, ಬಲ ಹಿಮ್ಮಡಿ ಮುಂದಿನ ಬಲ ಚಕ್ರ. ಈ ಜೋಡಣೆಯನ್ನು ಯಾರಿಗೂ ಕಲಿಸಬೇಕಾಗಿಲ್ಲ.

ಸೀಟಿಗೂ ರಬ್ಬರ್ ಬೇಕಿತ್ತು. ರಬ್ಬರ್ ಎಂದರೆ ಸಾಕಾಗುವುದಿಲ್ಲ, ಎಷ್ಟು ಮೆತ್ತಗೆ ಎನ್ನುವುದೇ ವಿಷಯ. ತೂಕ ಹೊತ್ತ ರಬ್ಬರಿಗೆ ತನ್ನದೇ ಒಂದು ತೂಗಾಟದ ವೇಗ ಇರುತ್ತದೆ. ಅದರ 1.4 ಪಟ್ಟಿಗಿಂತ ಮೇಲಿನ ಕಂಪನವನ್ನಷ್ಟೇ ಅದು ತಡೆಯುತ್ತದೆ. ಅದಕ್ಕಿಂತ ಕೆಳಗಿನದನ್ನು ಹಾಗೇ ಬಿಡುತ್ತದೆ, ತನ್ನ ವೇಗದ ಹತ್ತಿರದ್ದನ್ನು ಇನ್ನೂ ಹೆಚ್ಚಿಸುತ್ತದೆ. 30 ಹರ್ಟ್ಸ್‌ನಲ್ಲಿ ತೂಗುವ ಗಟ್ಟಿ ರಬ್ಬರ್ ಹಾಕಿದರೆ 42ರ ಮೇಲಿನದು ಮಾತ್ರ ನಿಲ್ಲುತ್ತದೆ. 15ರದ್ದು ಹಾಕಿದರೆ 21ರಿಂದಲೇ ತಡೆ ಶುರು. ಮೊದಲು ಹಾಕಿದ್ದು ತೀರಾ ಗಟ್ಟಿ, ಏನೂ ಬದಲಾಗಲಿಲ್ಲ. ಆಮೇಲೆ ತೀರಾ ಮೆತ್ತನೆಯದು ಹಾಕಿದೆವು. ಬ್ರೇಕ್ ಒತ್ತಿದಾಗಲೆಲ್ಲ ಸೀಟು ಹಿಂದಕ್ಕೆ ವಾಲಿತು. ಮೂರನೆಯ ಸಲ ನಡುವಿನದು ಹೊಂದಿತು. ಫೋನ್ ಅಂಟಿಸಿ ನೋಡಿದಾಗ ಫ್ರೇಮಿಗೆ ಹೋಗುವ ಕಂಪನ ಬಹಳ ಇಳಿದಿತ್ತು. ಅದರ ಜೊತೆಗೇ ಇನ್ನೊಂದು ಲಾಭ ಆಯಿತು. ಫ್ರೇಮಿಗೆ, ನೆಲಕ್ಕೆ ಸೋರುತ್ತಿದ್ದ ಬಲ ಈಗ ಮೈಗೇ ಸಿಗುತ್ತಿತ್ತು. ಆಂಪ್‌ನ ವಾಲ್ಯೂಮ್ ಅರ್ಧಕ್ಕಿಂತ ಕೆಳಗೆ ಇಳಿಸಿದೆವು. ಕೆಳಗಿನ ಕೋಣೆಯ ಗುಂಯ್ ಅಲ್ಲಿಗೇ ನಿಂತಿತು.

ಸೀಟಿನ ಎಡಬಲವನ್ನು ಬೇರ್ಪಡಿಸಲು ನಾವು ಸೋತೆವು. ಬಕೆಟ್ ಸೀಟು ಒಂದೇ ಚಿಪ್ಪು. ಎಡಕ್ಕೆ ಕೊಟ್ಟರೂ ಬಲಕ್ಕೆ ಹೋಗುತ್ತದೆ. ಎರಡು ವಾರ ಒದ್ದಾಡಿ ಕೈಬಿಟ್ಟೆವು. ಕೈಬಿಡಲು ಒಂದು ಒಳ್ಳೆಯ ಕಾರಣವೂ ಇತ್ತು. ಹಿಂಭಾಗ ಜಾರಿದಾಗ ಯಾವ ಕಡೆಗೆ ಎನ್ನುವುದನ್ನು ಸ್ಟಿಯರಿಂಗ್ ಮತ್ತು ಕಣ್ಣು ಚೆನ್ನಾಗಿಯೇ ಹೇಳುತ್ತವೆ. ಮೈಗೆ ಬೇಕಾಗಿರುವುದು "ಜಾರಲು ಶುರುವಾಗಿದೆ" ಎನ್ನುವ ಒಂದು ಸೂಚನೆ. ಅದಕ್ಕೆ ಸೀಟಿನ ಕೆಳಗಿನ ದೊಡ್ಡದೊಂದೇ ಸಾಕು. ಪಕ್ಕದ ಎರಡನ್ನು ತೆಗೆದೆವು. ಸ್ಟಿಯರಿಂಗ್ ಕೆಳಗಿನ ಎರಡನ್ನೂ ತೆಗೆದೆವು. ಡೈರೆಕ್ಟ್ ಡ್ರೈವ್ ಮೋಟಾರ್ ಹೇಳುತ್ತಿದ್ದ ಸೂಕ್ಷ್ಮ ಮಾತುಗಳ ಮೇಲೆ ಅವು ಗದ್ದಲ ಮಾಡುತ್ತಿದ್ದವು. ಅಂಗೈಯ ಜೋಮು ಅಲ್ಲಿಗೆ ಮುಗಿಯಿತು. ಉಳಿದದ್ದು ನಾಲ್ಕು: ಎರಡು ಹಿಮ್ಮಡಿ, ಒಂದು ಸೀಟು, ಒಂದು ಬೆನ್ನು.

ಯಾವ ಶೇಕರ್ ಏನು ಹೇಳಬೇಕು

ನನಗೆ ಅತಿ ಇಷ್ಟವಾದ ಭಾಗ ಇದು. ಒಂದು ಶೇಕರ್‌ಗೆ ಒಂದು ಕೆಲಸ, ತಪ್ಪಿದರೆ ಎರಡು, ಅದಕ್ಕಿಂತ ಹೆಚ್ಚಿಲ್ಲ ಎಂದು ನಿಯಮ ಮಾಡಿಕೊಂಡೆವು.

ಹಿಮ್ಮಡಿಗಳಿಗೆ ಲಾಕ್ ಮಾತ್ರ. 55 ಹರ್ಟ್ಸ್‌ನ ಕಂಪನ, ಅದೂ ಒಂದೇ ಸಮನೆ ಅಲ್ಲ, ಸೆಕೆಂಡಿಗೆ 12 ಸಲ ಕಡಿದು ಕಡಿದು. ಬಿಟ್ಟು ಬಿಟ್ಟು ಬರುವುದಕ್ಕೆ ಚರ್ಮ ಅಷ್ಟು ಬೇಗ ಒಗ್ಗಿಕೊಳ್ಳುವುದಿಲ್ಲ. ಎಲ್ಲಿಂದ ಶುರುವಾಗಬೇಕು ಎನ್ನುವುದು ಇನ್ನೂ ಮುಖ್ಯ. ಟೈರಿನ ಹಿಡಿತ ಅತಿ ಹೆಚ್ಚಿರುವುದು ಅದು ಜಾರದೆ ಉರುಳುವಾಗ ಅಲ್ಲ, ಸ್ವಲ್ಪ ಜಾರುತ್ತಿರುವಾಗ. ಮೊದಲು ಸಣ್ಣ ಜಾರಿಕೆಗೂ ಕಂಪನ ಇಟ್ಟಿದ್ದೆವು. ಚೆನ್ನಾಗಿ ಬ್ರೇಕ್ ಹಾಕಿದಾಗಲೂ ಎಚ್ಚರಿಕೆ ಬರುತ್ತಿತ್ತು. ಚಾಲಕರು ಹೆದರಿ ಕಾಲು ಸಡಿಲಿಸುತ್ತಿದ್ದರು, ಕಾರು ಮುಂದೆ ಹೋಗಿ ನಿಲ್ಲುತ್ತಿತ್ತು. ಆಮೇಲೆ ಹಿಡಿತದ ತುದಿ ದಾಟಿದ ಮೇಲೆ ಮಾತ್ರ ಶುರುವಾಗುವ ಹಾಗೆ ಮಾಡಿದೆವು. ಈ ಒಂದು ಗೆರೆಯನ್ನು ಹುಡುಕಲು ಐದು ಸಂಜೆ ಹಿಡಿಯಿತು. ಕಾರು ಬದಲಾದರೆ ಗೆರೆಯೂ ಬದಲಾಗುತ್ತದೆ.

ಸೀಟಿಗೆ ಎರಡು ಕೆಲಸ. ಕರ್ಬ್ ಮತ್ತು ಉಬ್ಬುತಗ್ಗು 25ರಿಂದ 35 ಹರ್ಟ್ಸ್‌ನಲ್ಲಿ, ಹಿಂದಿನ ಚಕ್ರದ ಜಾರಿಕೆ 70ರಲ್ಲಿ. ನಡುವೆ ಇಷ್ಟು ಅಂತರ ಇರುವುದರಿಂದ ಎರಡೂ ಒಟ್ಟಿಗೆ ಬಂದರೂ ಕಲಸಿಹೋಗುವುದಿಲ್ಲ. 41ರ ಹತ್ತಿರ ಯಾವುದನ್ನೂ ಇಡಲಿಲ್ಲ.

ಬೆನ್ನಿಗೆ ಗೇರ್ ಬಿದ್ದಾಗ ಒಂದು ಗುದ್ದು, ಮತ್ತೆ ಇಂಜಿನ್. ಇಂಜಿನ್ ಬಗ್ಗೆ ನಮ್ಮಿಬ್ಬರಿಗೆ ಜಗಳವೇ ಆಯಿತು. ಅದಿಲ್ಲದೆ ಕಾರು ಸತ್ತ ಹಾಗೆ ಎಂದರು ಅವರು. ಬೇಡವೇ ಬೇಡ ಎಂದೆ ನಾನು. ಲೆಕ್ಕ ಹಾಕಿ ನೋಡಿದೆವು. ನಾಲ್ಕು ಸಿಲಿಂಡರ್‌ನ ಇಂಜಿನ್‌ನಲ್ಲಿ ಒಂದು ಸುತ್ತಿಗೆ ಎರಡು ಸಲ ಸ್ಫೋಟ. 6000 ಆರ್‌ಪಿಎಂ ಅಂದರೆ ಸೆಕೆಂಡಿಗೆ 100 ಸುತ್ತು, 200 ಸ್ಫೋಟ. ಈ ಶೇಕರ್‌ಗಳು ಬಲವಾಗಿ ಕೆಲಸ ಮಾಡುವುದು ಅದಕ್ಕಿಂತ ಬಹಳ ಕೆಳಗೆ. ನಿಜವಾದ ಇಂಜಿನ್ ಕಂಪನವನ್ನು ಅವು ಹೇಗೂ ಕೊಡಲಾರವು. ಕೊನೆಗೆ ಒಪ್ಪಿದ್ದು ಹೀಗೆ: ಗೇರ್ ಬದಲಿಸುವ ಹೊತ್ತು ಬಂದಾಗ, ಕೊನೆಯ 500 ಆರ್‌ಪಿಎಂನಲ್ಲಿ ಮಾತ್ರ ಬೆನ್ನಿಗೆ ಒಂದು ಸಣ್ಣ ಝುಮ್. ಇಂಜಿನ್ ಈಗ ಒಂದು ಸೂಚನೆಯಾಯಿತು. ಕಣ್ಣು ಮೀಟರಿನ ಕಡೆ ಹೋಗುವುದು ತಪ್ಪಿತು.

ಬಲದ ಮಟ್ಟ ಇಡಲು ಒಂದು ಸರಳ ದಾರಿ ಸಿಕ್ಕಿತು. ಓಡಿಸುತ್ತ ಓಡಿಸುತ್ತ ಒಂದು ಪರಿಣಾಮವನ್ನು ಗೊತ್ತಾಗದಷ್ಟು ಇಳಿಸುವುದು. ಅಲ್ಲಿಂದ ಗೊತ್ತಾಗುವಷ್ಟು ಮಾತ್ರ ಏರಿಸಿ ನಿಲ್ಲಿಸುವುದು. ನಿಂತ ಕಾರಿನಲ್ಲಿ ಹೊಂದಿಸಿದ ಮಟ್ಟ ಓಡುವಾಗ ಸರಿಹೋಗುವುದಿಲ್ಲ.

ವೇಗದ ಮಾತೂ ಇದೆ. ಸಿಮ್‌ಹಬ್‌ನ ಉಚಿತ ಆವೃತ್ತಿ ಸೆಕೆಂಡಿಗೆ 10 ಸಲ ಲೆಕ್ಕ ಓದುತ್ತದೆ, ಲೈಸೆನ್ಸ್ ಕೊಂಡರೆ 60 ಸಲ. 200 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 55 ಮೀಟರ್ ಹೋಗುತ್ತದೆ. 10 ಸಲ ಓದಿದರೆ ಒಂದು ಓದಿಗೂ ಇನ್ನೊಂದಕ್ಕೂ ನಡುವೆ ಐದೂವರೆ ಮೀಟರ್ ದಾಟಿಹೋಗಿರುತ್ತದೆ. 60 ಸಲ ಆದರೆ ಒಂದು ಮೀಟರಿಗಿಂತ ಕಡಿಮೆ. ಲಾಕ್ ಹಿಡಿಯಲು ಈ ವ್ಯತ್ಯಾಸ ದೊಡ್ಡದು. ಹಾಗಂತ 60ರಲ್ಲೂ ಡಾಂಬರಿನ ತರಿ ಕಾಲಿಗೆ ಸಿಗುತ್ತದೆ ಎಂದುಕೊಳ್ಳಬೇಡಿ. 60 ಸಲ ಓದಿದರೆ 30 ಹರ್ಟ್ಸ್‌ಗಿಂತ ವೇಗದ ಏರಿಳಿತ ಆ ಓದಿನಲ್ಲಿ ಹಿಡಿಯಲಾಗುವುದಿಲ್ಲ. ಕಾಲಿಗೆ ತಾಗುವುದು ತಂತ್ರಾಂಶ ಹುಟ್ಟಿಸಿದ ಕಂಪನ. ಅದರ ಬಲ ಮಾತ್ರ ರಸ್ತೆಯದು.

ಕಿವಿಯ ಪಾಲು

ಕಂಪನ ಸರಿಯಾದ ಮೇಲೆ ಸದ್ದಿನ ತಪ್ಪು ಎದ್ದು ಕಂಡಿತು. ಗೇರ್ ಗುದ್ದು ಬೆನ್ನಿಗೆ ಬಿದ್ದ ಮೇಲೆ ಸದ್ದು ತಡವಾಗಿ ಬರುತ್ತಿತ್ತು. ಬ್ಲೂಟೂತ್ ಹೆಡ್‌ಫೋನ್‌ಗಳಲ್ಲಿ 100 ಮಿಲಿಸೆಕೆಂಡ್, ಅದಕ್ಕೂ ಹೆಚ್ಚು ತಡವಾಗುವುದು ಸಾಮಾನ್ಯ. ತಂತಿಯ ಹೆಡ್‌ಫೋನ್‌ಗೆ ಬದಲಾದ ದಿನ ಎರಡೂ ಕೂಡಿಕೊಂಡವು. ಆ ಒಂದು ದಿನದಲ್ಲಿ ರಿಗ್ ಕಾರಿನ ಹಾಗೆ ಅನ್ನಿಸಿತು ಎಂದರು ಚಾಲಕರು. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಆರಿಸಿದೆವು. ಇಲ್ಲದಿದ್ದರೆ ಶೇಕರ್‌ಗಳು ತಾವೇ ಮಾಡುವ ಗಡಗಡ ಕೇಳಿಸುತ್ತದೆ.

ಆಟದ ಆಡಿಯೋ ಸೆಟಿಂಗ್‌ನಲ್ಲಿ ಇಂಜಿನ್ ಇಳಿಸಿ ಟೈರ್ ಏರಿಸಿದೆವು. ಕಾಲಿಗೆ ಬರುವ ಎಚ್ಚರಿಕೆ ಹಿಡಿತದ ತುದಿ ದಾಟಿದ ಮೇಲಿನದು. ತುದಿಗೆ ಬರುವ ಮೊದಲಿನ ಕಥೆ ಟೈರಿನ ಸದ್ದಿನಲ್ಲಿರುತ್ತದೆ. ಮೆಲ್ಲಗೆ ಗುನುಗಿ, ಆಮೇಲೆ ಕಿರುಚುತ್ತದೆ. ಇವೆರಡೂ ಸೇರಿದಾಗ ಕಾಲಿಗೆ ಒಂದು ಮೆಟ್ಟಿಲು ಮೊದಲೇ ಗೊತ್ತಾಗುತ್ತದೆ.

ಒಂದು ಸಲ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಶೇಕರ್‌ಗಳ ಸೌಂಡ್ ಕಾರ್ಡೇ ಮುಖ್ಯ ಸಾಧನವಾಗಿ ಕೂತುಬಿಟ್ಟಿತು. ಇಂಜಿನ್ನಿನ ಅಬ್ಬರವೆಲ್ಲ ಹಿಮ್ಮಡಿಗೆ ನುಗ್ಗಿತು. ಆವತ್ತಿನಿಂದ ರೇಸಿಗೆ ಮೊದಲು ಸದ್ದು ಎಲ್ಲಿಗೆ ಹೋಗುತ್ತಿದೆ ಎಂದು ನೋಡುವುದು ಅಭ್ಯಾಸವಾಗಿದೆ.

ಏನಾಯಿತು

ಕಣ್ಣು ಮುಚ್ಚುವ ಪರೀಕ್ಷೆ ಮತ್ತೆ ಮಾಡಿದೆವು. ಈ ಸಲ ಎಡ ಹಿಮ್ಮಡಿ, ಬಲ ಹಿಮ್ಮಡಿ, ಸೀಟು, ಬೆನ್ನು. 20ರಲ್ಲಿ 19 ಸರಿ.

ಒಂದು ಸುತ್ತಿನ ಅತಿ ವೇಗದ ಸಮಯ ಹೆಚ್ಚೇನೂ ಬದಲಾಗಲಿಲ್ಲ. ಇದನ್ನು ಒತ್ತಿ ಹೇಳಬೇಕು. ಶೇಕರ್ ಹಾಕಿದರೆ ವೇಗ ಬರುತ್ತದೆ ಎಂದು ಕೊಳ್ಳುವವರು ನಿರಾಶರಾಗುತ್ತಾರೆ. ಬದಲಾಗಿದ್ದು ರೇಸಿನ ಕೊನೆಯ ಭಾಗ. ಟೈರ್ ಚಪ್ಪಟೆಯಾಗುವುದು ಕಡಿಮೆಯಾದ್ದರಿಂದ ಕೊನೆಯ ಸುತ್ತುಗಳು ಮೊದಲಿನ ಸುತ್ತುಗಳ ಹತ್ತಿರವೇ ಉಳಿದವು. ಇಷ್ಟು ತಿಂಗಳ ಅಭ್ಯಾಸದ ಪಾಲೂ ಅದರಲ್ಲಿ ಇದ್ದೇ ಇರುತ್ತದೆ.

ನಾವು ಎಣಿಸದೆ ಇದ್ದದ್ದು ಇನ್ನೊಂದಿದೆ. ಎಡಬಲ ಬೇರೆಯಾದ ಮೊದಲ ವಾರವೇ ಚಾಲಕರು ಒಂದು ಮಾತು ಹೇಳಿದರು: "ಎಡ ತಿರುವಿನಲ್ಲಿ ಯಾವಾಗಲೂ ಎಡಗಾಲು, ಬಲ ತಿರುವಿನಲ್ಲಿ ಬಲಗಾಲು." ಅಂದರೆ ಲಾಕ್ ಆಗುತ್ತಿದ್ದದ್ದು ಯಾವಾಗಲೂ ಒಳಗಿನ ಚಕ್ರ. ಬ್ರೇಕ್ ಒತ್ತಿಕೊಂಡೇ ತಿರುಗಿಸಿದರೆ ಭಾರ ಹೊರಗಿನ ಚಕ್ರಕ್ಕೆ ಹೋಗುತ್ತದೆ, ಒಳಗಿನದು ಹಗುರಾಗಿ ಮೊದಲು ನಿಲ್ಲುತ್ತದೆ. ಅವರ ತಪ್ಪು ಜೋರಾಗಿ ಒತ್ತುವುದರಲ್ಲಿ ಇರಲಿಲ್ಲ, ತಡವಾಗಿ ಬಿಡುವುದರಲ್ಲಿ ಇತ್ತು. ತಿರುಗಿಸಲು ಶುರು ಮಾಡುತ್ತಲೇ ಕಾಲನ್ನು ಮೆಲ್ಲಗೆ ಬಿಡುವುದನ್ನು ಅಭ್ಯಾಸ ಮಾಡಿದರು. ಬ್ರೇಕ್ ಬಲದ ಹಂಚಿಕೆಯನ್ನು ಒಂದು ಶೇಕಡ ಹಿಂದಕ್ಕೆ ಸರಿಸಿದರು. ರೀಪ್ಲೇಯಲ್ಲಿ ವರ್ಷಗಟ್ಟಲೆ ಹೊಗೆ ನೋಡಿದಾಗ ಕಾಣದೆ ಇದ್ದದ್ದು ಹಿಮ್ಮಡಿಗೆ ಒಂದು ವಾರದಲ್ಲಿ ಕಂಡಿತು.

ಮತ್ತೆ ಮೊದಲಿನಿಂದ ಕಟ್ಟುವುದಾದರೆ ನಾನು ಕಣ್ಣು ಮುಚ್ಚುವ ಪರೀಕ್ಷೆಯಿಂದ ಶುರು ಮಾಡುತ್ತೇನೆ. ಎರಡು ಶೇಕರ್, ಒಂದು ಆಂಪ್, ಎರಡು ತುಂಡು ಹಲಗೆ, ರಬ್ಬರ್ ಗುಂಡಿ. ಆ ಎರಡರ ಮಾತು ಮೈಗೆ ಸ್ಪಷ್ಟವಾದ ಮೇಲೆ ಮೂರನೆಯದು.

ಕಳೆದ ತಿಂಗಳು ಬೆನ್ನಿನ ಶೇಕರ್‌ನ ತಂತಿ ಕಳಚಿತ್ತು. ಚಾಲಕರಿಗೆ ಗೊತ್ತಾಗಿದ್ದು ಮೂರು ದಿನದ ಮೇಲೆ. ಎಡ ಹಿಮ್ಮಡಿಯ ತಂತಿ ಕಳಚಿದ ದಿನ, ಮೊದಲ ಎಡ ತಿರುವು ದಾಟುತ್ತಿದ್ದ ಹಾಗೆ ಕಾರನ್ನು ಬದಿಗೆ ನಿಲ್ಲಿಸಿ, ಟಾರ್ಚ್ ಹಿಡಿದು ಹಲಗೆಯ ಕೆಳಗೆ ಬಗ್ಗಿದರಂತೆ.